ಹಾಲು ಕುಲುಕದ ಹಾಗೆ

ಹನ್ನೆರಡು ವರ್ಷದ ಹಿಂದೆ, ಮೊದಲ ಸಲ ವಿಮಾನ ಹತ್ತುವ ಮುನ್ನಾದಿನ, ಜೆರುತೊ ತನ್ನ ಅವ್ವನಿಗೆ ಒಂದು ಮಾತು ಕೊಟ್ಟಿದ್ದಳು.

ಅವ್ವ ತಬುತಾನಿ ಅವತ್ತು ಒಲೆಯ ಮೇಲಿನ ಅಟ್ಟಕ್ಕೆ ಕೈಹಾಕಿ ಒಂದು ಸೋರೆಬುರುಡೆ ಇಳಿಸಿದಳು. ಮುರ್ಸಿಕ್ ಎಂಬ ಹುಳಿಹಾಲು ಮಾಡುವ ಬುರುಡೆಗಳು ಮನೆಯಲ್ಲಿ ನಾಲ್ಕೈದಿದ್ದವು. ಇದು ಬೇರೆ. ಹೊಗೆ ಕುಡಿದು ಕಪ್ಪಾಗಿ, ಕೈ ತಾಗಿ ತಾಗಿ ಹೊಳಪೇರಿ, ಕುತ್ತಿಗೆಯ ಸೀಳಿಗೆ ಚರ್ಮದ ಹೊಲಿಗೆ ಹಾಕಿಸಿಕೊಂಡು, ಮುಚ್ಚಳದ ಸುತ್ತ ಕವಡೆ ಕಟ್ಟಿಸಿಕೊಂಡು ಕೂತಿದ್ದ ಮುದಿ ಬುರುಡೆ.

"ಇದು ಗೆದ್ದು ಬಂದೋರ ಬಾಯಿಗೆ ಇಡೋದು," ಎಂದಳು ತಬುತಾನಿ. "ನಮ್ಮಪ್ಪ ಕಣಿವೆ ಆಚೆಯಿಂದ ದನ ಹೊಡ್ಕೊಂಡು ಬಂದಾಗ ನಮ್ಮವ್ವ ಇದರಲ್ಲೇ ಕುಡಿಸಿದ್ಲು. ಆಮೇಲೆ ಇದಕ್ಕೆ ಬಾಯಿ ಹಚ್ಚಿದೋರು ಯಾರೂ ಇಲ್ಲ."

ಜೆರುತೊಗೆ ಆಗ ಇಪ್ಪತ್ತೆರಡು. ಆ ವಯಸ್ಸಿನ ಕಾಲಿಗೆ ದೂರ ಎನ್ನುವುದು ಗೊತ್ತಿರುವುದಿಲ್ಲ, ನಾಲಗೆಗೂ ಅಷ್ಟೇ. "ಹಾಗಿದ್ರೆ ನಾನೂ ಗೆದ್ದ ದಿನವೇ ಕುಡೀತೀನಿ. ಎಲ್ಲರಿಗಿಂತ ಮುಂದೆ ಕೊನೇ ಗೆರೆ ದಾಟಿ ಬಂದ ದಿನ. ಅಲ್ಲೀವರೆಗೂ ಇದರದ್ದು ಒಂದು ಹನೀನೂ ಮುಟ್ಟಲ್ಲ. ಮಾತು."

"ಮಾತು ಅಂದ್ಮೇಲೆ ಮಾತು ಕಣೇ. ಕಾಲು ಉಳುಕ್ತು, ಎರಡನೇದವಳಾದೆ ಅಂತ ಬಂದು ಬುರುಡೆ ಮುಖ ನೋಡಬಾರ್ದು."

"ನೋಡಲ್ಲ."

ಅವ್ವ ನಕ್ಕು, ಬುರುಡೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಸುಟ್ಟ ಕಡ್ಡಿಯ ಮಸಿಯಿಂದ ಒಳಮೈ ಉಜ್ಜತೊಡಗಿದಳು.

ಜೆರುತೊ ಓಡುವುದನ್ನು ಕಲಿತದ್ದು ಅವ್ವನಿಂದಲೇ ಎನ್ನಬೇಕು. ಕೆರಿಯೊ ಕಣಿವೆಯ ಅಂಚಿನಲ್ಲಿ ಅವರ ಮನೆ. ಹಾಲು ಕೊಳ್ಳುವ ಕೇಂದ್ರ ಮೇಲಿನ ರಸ್ತೆಯಲ್ಲಿ, ಆರು ಕಿಲೋಮೀಟರ್ ಏರು. ಎಂಟು ವರ್ಷದವಳಾದಾಗಿನಿಂದ ದಿನಾ ಬೆಳಗ್ಗೆ ಬೆನ್ನಿಗೆ ಹಾಲಿನ ಡಬ್ಬಿ ಕಟ್ಟಿಕೊಂಡು ಹೋಗಬೇಕು, ಅಲ್ಲಿಂದ ಶಾಲೆಗೆ. ನಡೆದರೆ ಶಾಲೆ ತಪ್ಪುತ್ತದೆ. ಓಡಿದರೆ ಹಾಲು ಕುಲುಕುತ್ತದೆ, ಕುಲುಕಿದರೆ ಬೆಣ್ಣೆ ತೇಲುತ್ತದೆ, ಬೆಣ್ಣೆ ತೇಲಿದ ಹಾಲನ್ನು ಕೇಂದ್ರದವನು ಮೂಸಿಯೂ ನೋಡುವುದಿಲ್ಲ. "ಹಾಲು ಕುಲುಕದ ಹಾಗೆ ಓಡು," ಎಂದು ಅವ್ವ ದಿನಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಹಾಗಾಗಿ ಆ ಹುಡುಗಿಯ ಹೆಗಲು ಅಲುಗುವುದನ್ನು ಮರೆಯಿತು. ಏರಿನಲ್ಲಿ ಎಷ್ಟು ವೇಗವೋ ಇಳಿಜಾರಿನಲ್ಲೂ ಅಷ್ಟೇ. ಮೊದಲ ಹೆಜ್ಜೆ ಹೇಗೋ ಕೊನೆಯ ಹೆಜ್ಜೆಯೂ ಹಾಗೇ. ಅವಳ ಬೆನ್ನ ಮೇಲೆ ಒಂದು ದಿನವೂ ಬೆಣ್ಣೆ ಬರಲಿಲ್ಲ.

ಆ ಗುಣವೇ ಅವಳನ್ನು ಎತ್ತಿತು, ಆ ಗುಣವೇ ಕಟ್ಟಿಹಾಕಿತು. ಮೊದಲೆರಡು ವರ್ಷ ಹೊರದೇಶದ ಓಟಗಳಲ್ಲಿ ನಾಲ್ಕನೆಯವಳಾದಳು, ಏಳನೆಯವಳಾದಳು; ಮೂರನೆಯ ವರ್ಷ ಹಿಮ್ಮಡಿಯ ನರ ಕೈಕೊಟ್ಟಿತು. ಗಾಯ ಮಾಗುವ ಹೊತ್ತಿಗೆ ಅವಳ ಏಜೆಂಟ್ ಹೆಂಡ್ರಿಕ್ ಒಂದು ವಿಷಯ ಕಂಡುಕೊಂಡಿದ್ದ: ಈ ಹೆಣ್ಣಿಗೆ ಗಡಿಯಾರ ಬೇಡ. ಕಿಲೋಮೀಟರಿಗೆ ಮೂರು ನಿಮಿಷ ಇಪ್ಪತ್ತೈದು ಸೆಕೆಂಡು ಎಂದರೆ ಅಷ್ಟೇ. ಒಂದು ಸೆಕೆಂಡು ಹೆಚ್ಚಲ್ಲ, ಕಡಿಮೆಯಲ್ಲ. ಅಂಥವರಿಗೆ ದೊಡ್ಡ ಓಟಗಳಲ್ಲಿ ಬೇರೆಯೇ ಕೆಲಸವಿರುತ್ತದೆ. ಗೆಲ್ಲಬೇಕಾದವರ ಮುಂದೆ ಮುಂದೆ ಓಡಿ, ಗಾಳಿಗೆ ಎದೆಯೊಡ್ಡಿ, ಹೇಳಿದ ವೇಗ ತಪ್ಪದೆ ಮೂವತ್ತು ಕಿಲೋಮೀಟರ್‌ವರೆಗೆ ಕರೆದೊಯ್ದು, ಅಲ್ಲಿ ಪಕ್ಕಕ್ಕೆ ಸರಿದು ನಿಲ್ಲುವುದು. ಉಳಿದ ಹನ್ನೆರಡು ಕಿಲೋಮೀಟರ್ ಬೇರೆಯವರದು. ಇಟೆನ್‌ನ ಓಟಗಾರರ ಶಿಬಿರಗಳಲ್ಲಿ ಇಂಥವರಿಗೆ ಒಂದೇ ಹೆಸರು: ಮೊಲ. ಹಿಂದೆ ಬರುವವರು ಅಟ್ಟಿಸಿಕೊಂಡು ಬರಲಿ ಎಂದು ಬಿಟ್ಟ ಮೊಲ.

ಒಂಬತ್ತು ವರ್ಷ ಅವಳು ಮೊಲವಾಗಿದ್ದಳು. ಓಡಿದ ಅಷ್ಟೂ ನಗರಗಳು ಅವಳಿಗೆ ಮೂವತ್ತನೆಯ ಕಿಲೋಮೀಟರಿನಲ್ಲಿ ಮುಗಿಯುತ್ತಿದ್ದವು. ಒಂದರಲ್ಲಿ ಅದು ರೈಲು ಸೇತುವೆಯ ಕೆಳಗಿನ ಕತ್ತಲು, ಒಂದರಲ್ಲಿ ಬ್ರೆಡ್ಡಿನ ವಾಸನೆ ಬರುವ ಮೂಲೆ, ಇನ್ನೊಂದರಲ್ಲಿ ಮುದುಕರ ಆಶ್ರಮ. ಅಲ್ಲಿ ಕಿಟಕಿಯಿಂದ ಒಬ್ಬ ಅಜ್ಜಿ ಎರಡು ವರ್ಷ ಕೈಬೀಸಿ ಮೂರನೆಯ ವರ್ಷ ಇರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ವ್ಯಾನಿಗೆ ಕಾಯುವುದು. ವ್ಯಾನು ಹಿಂದಿನ ಓಣಿಗಳಲ್ಲಿ ಸುತ್ತಿ ತಲುಪುವ ಹೊತ್ತಿಗೆ ಗೆರೆಯ ಮೇಲಿನ ಕಮಾನು ಬಿಚ್ಚುತ್ತಿದ್ದರು. ಆ ನಗರಗಳಲ್ಲಿ ಕೊನೆಯ ಗೆರೆ ಯಾವ ಬಣ್ಣದ್ದು ಎಂದು ಯಾರಾದರೂ ಕೇಳಿದ್ದರೆ ಜೆರುತೊಗೆ ಹೇಳಲಾಗುತ್ತಿರಲಿಲ್ಲ.

ಅತ್ತ ಅವ್ವ ಮಾತ್ರ ಬಿಡಲಿಲ್ಲ. ಮಗಳು ಹೊರಟ ದಿನವೇ ಬುರುಡೆ ಉಜ್ಜಿ, ಹಾಲು ಕಾಯಿಸಿ ಆರಿಸಿ ತುಂಬಿಡುವಳು. ಮಗಳು ಬರಿಗೈಯಲ್ಲಿ ಬಂದಾಗ ಆ ಹಾಲನ್ನು ಮನೆಯಲ್ಲಿಡುವುದಿಲ್ಲ, ನೆರೆಯ ಮುದುಕರಿಗೆ ಲೋಟಗಳಲ್ಲಿ ಸುರಿದು ಕೊಟ್ಟುಬಿಡುವಳು. ಅವರಲ್ಲಿ ಮೊದಲನೆಯವನು ಅರಾಪ್ ಲೆಲೆಯ್. ಹಳೆಯ ಪಿಕಪ್ ಗಾಡಿಯೊಂದರ ಯಜಮಾನ, ಹೆಂಡತಿ ಸತ್ತವನು, ಮೀಸೆಗೆ ಹಾಲು ಮೆತ್ತಿಕೊಂಡೇ ಮಾತಾಡುವವನು.

"ತಬುತಾನಿ, ನಿನ್ನ ಮಗಳು ಓಡೋಕೆ ಶುರು ಮಾಡಿದ್ಮೇಲೆ ನನ್ನ ಮೂಳೆ ಗಟ್ಟಿಯಾಯ್ತು ನೋಡು. ದೇವರು ಆ ಹುಡುಗೀನ ಇನ್ನೂ ಹತ್ತು ವರ್ಷ ಹೀಗೇ ಓಡಿಸ್ಲಿ."

"ಕುಡ್ಕೊಂಡು ಎದ್ದು ಹೋಗು. ನಿನ್ನ ಬಾಯಿಗೆ ಅಂತ ಹುಳಿ ಹಾಕಿದ್ದಲ್ಲ ಅದು."

"ಯಾರ ಬಾಯಿಗೆ ಹಾಕಿದ್ದೋ ಆ ಬಾಯಿ ಬರ್ಲಿಲ್ವಲ್ಲ!"

ಮೊಲದ ಕೆಲಸ ಏನೆಂದು ಊರಿಗೆಲ್ಲ ಗೊತ್ತಿತ್ತು, ಅವ್ವನಿಗೂ. ಗೊತ್ತಿದ್ದೂ ಅವಳಿಗೆ ಒಪ್ಪಿಗೆಯಾಗಿರಲಿಲ್ಲ. "ನೀರಿಗೆ ಅಂತ ದನ ಹೊಡ್ಕೊಂಡು ಹೋದೋಳು ನೀರು ಕಾಣೋ ಹೊತ್ತಿಗೆ ತಿರುಗಿ ಬರ್ತಾಳಾ ಯಾರಾದ್ರೂ?" ಎಂದು ಒಮ್ಮೆ ಕೇಳಿದ್ದಳು. ಹೆಣ್ಣು ಕೇಳಿ ಬಂದ ಎರಡು ಮನೆಯವರಿಗೂ ಜೆರುತೊ "ಇನ್ನೊಂದು ಓಟ ಆಗ್ಲಿ" ಎಂದಿದ್ದಳಲ್ಲ, ಆ ಇನ್ನೊಂದು ಓಟ ಯಾವುದೆಂದು ಅವಳಿಗೇ ಗೊತ್ತಿರಲಿಲ್ಲ. ಊರಿಗೆ ಬಂದಾಗಲೆಲ್ಲ ಅವ್ವ ಬೇರೆ ಬುರುಡೆಯ ಹಾಲು ಕೊಡುತ್ತಿದ್ದಳು. ಕುಡಿಯುತ್ತ ಜೆರುತೊ ಅಟ್ಟ ನೋಡುತ್ತಿದ್ದಳು. ಆ ಮುದಿ ಬುರುಡೆಯ ಹಾಲಿಗೆ ಏನು ರುಚಿ ಇದ್ದೀತು? ಅದೇ ಹಸು, ಅದೇ ಮಸಿ. ಆದರೂ ಬೇರೆಯೇ ಇರಬೇಕು ಎಂದು ನಾಲಗೆ ಹಟ ಹಿಡಿಯುತ್ತಿತ್ತು. ಹೊರದೇಶದ ಹೋಟೆಲುಗಳಲ್ಲಿ, ಬಿಳಿ ಹಾಸಿಗೆಯ ಮೇಲೆ ಕಾಲು ಎತ್ತಿಟ್ಟು ಮಲಗಿದಾಗ, ಅವಳಿಗೆ ಮನೆಯ ನೆನಪಾಗುತ್ತಿದ್ದದ್ದು ಆ ಕುಡಿಯದ ಹಾಲಿನ ಮೂಲಕವೇ.

ಅವಳಿಗೆ ಮೂವತ್ತನಾಲ್ಕಾದ ವರ್ಷ ಹೆಂಡ್ರಿಕ್ ಅವಳಿದ್ದ ಇಟೆನ್ ಶಿಬಿರಕ್ಕೆ ಬಂದು, ಚಹಾ ಕುಡಿದು, ಕಪ್ಪಿನ ತಳ ನೋಡುತ್ತ ಹೇಳಿದ: ಸೆಪ್ಟೆಂಬರಿನ ಜರ್ಮನಿ ಓಟವೇ ಕೊನೆಯದು, ಮುಂದಿನ ವರ್ಷಕ್ಕೆ ಎಳೆಯ ಮೊಲಗಳು ಸಿಕ್ಕಿವೆ. ಆ ಓಟದಲ್ಲಿ ಅವಳು ಕರೆದೊಯ್ಯಬೇಕಾದದ್ದು ವಿಯೋಲಾಳನ್ನು. ವಿಯೋಲಾ ಅವಳ ಕೋಣೆಯಲ್ಲೇ ಪಕ್ಕದ ಮಂಚದವಳು. ಎಲ್ಗಾನ್ ಬೆಟ್ಟದ ಕಡೆಯ ಇಪ್ಪತ್ತೊಂದರ ಹುಡುಗಿ, ಉಗಾಲಿ ಮುದ್ದೆಯನ್ನು ಇಬ್ಬರು ಗಂಡಸರಷ್ಟು ತಿನ್ನುವವಳು.

"ಮೊಲಕ್ಕಾ, ನೀನಿಲ್ದೆ ನಾನು ಯಾರ ಬೆನ್ನು ನೋಡ್ಕೊಂಡು ಓಡ್ಲಿ?" ಎಂದಳು ವಿಯೋಲಾ.

"ಯಾರ ಬೆನ್ನೂ ಕಾಣದ ಹಾಗೆ ಓಡೋದನ್ನ ಕಲಿ."

"ಅದು ಭಯ ಅಕ್ಕ. ಮುಂದೆ ಯಾರೂ ಇಲ್ದೆ ಇದ್ರೆ ರಸ್ತೆ ಬಾಯಿ ತೆಗೆದ ಹಾಗೆ ಕಾಣತ್ತೆ. ನಿಂಗೆ ಭಯ ಆಗಲ್ವಾ?"

"ನಂಗೆ ಮೂವತ್ತರ ಆಚೆಯೇ ಭಯ," ಎಂದು ಜೆರುತೊ ನಕ್ಕಳು. ನಗುವಾಗಲೇ ಮನಸ್ಸಿನಲ್ಲಿ ಒಂದು ಯೋಚನೆ ಎದ್ದು ಕೂತಿತ್ತು. ಮೂವತ್ತರಲ್ಲಿ ನಿಲ್ಲಬೇಕೆಂದು ಯಾವ ನಿಯಮವೂ ಇಲ್ಲ. ಅವಳ ಹೆಸರೂ ಪಟ್ಟಿಯಲ್ಲಿ ಇರುತ್ತದೆ. ಹಿಂದೆ ಹೀಗೆಯೇ ಒಂದು ಕಿಲೋಮೀಟರ್ ಹೆಚ್ಚು ಓಡಿದ ಮೊಲವೊಂದನ್ನು ಒಂದು ವರ್ಷ ಯಾರೂ ಕರೆದಿರಲಿಲ್ಲ. ತನ್ನನ್ನು ಈಗ ಹೇಗಿದ್ದರೂ ಕರೆಯುವುದಿಲ್ಲವಲ್ಲ.

ಹೊರಡುವ ಮುಂಚೆ ಸಂತೆಕಟ್ಟೆಯ ಚಹಾ ಅಂಗಡಿಗೆ ಫೋನು ಮಾಡಿ ಅವ್ವನನ್ನು ಕರೆಸಿದಳು. ಊರಿಗೆಲ್ಲ ಇದ್ದದ್ದು ಒಂದೋ ಎರಡೋ ಫೋನು.

"ಅವ್ವ, ಈ ಸಲ ನಿಲ್ಲಬಾರ್ದು ಅಂತಿದ್ದೀನಿ."

ಆಚೆ ಕಡೆ ಬಹಳ ಹೊತ್ತು ಬರೀ ಉಸಿರು. ಆಮೇಲೆ ಅವ್ವ, "ಬುರುಡೆ ಕುತ್ತಿಗೆ ಹೊಲಿಗೆ ಬಿಡ್ತಾ ಇದೆ," ಎಂದಳು. "ಇನ್ನೊಂದು ಸಲಕ್ಕೆ ತಡೀಬಹುದು. ನನ್ನ ಕೈಯೂ ಅಷ್ಟೇ."

ಭಾನುವಾರ ಜರ್ಮನಿಯಲ್ಲಿ ಬಿಸಿಲು ತೆಳ್ಳಗಿತ್ತು. ಜೆರುತೊ ಮುಂದೆ, ಅವಳ ಬೆನ್ನಿಗೆ ವಿಯೋಲಾ, ಅವಳ ಹಿಂದೆ ಇನ್ನೂ ಐದು ಜನ. ಹತ್ತು ಕಿಲೋಮೀಟರ್, ಇಪ್ಪತ್ತು, ಇಪ್ಪತ್ತೈದು, ಹಾಲು ಕುಲುಕಲಿಲ್ಲ. ಮೂವತ್ತನೆಯ ಫಲಕ ಒಂದು ಔಷಧಿ ಅಂಗಡಿಯ ಎದುರಿತ್ತು. ಹಳದಿ ಅಂಗಿಯ ಕಾರ್ಯಕರ್ತೆಯೊಬ್ಬಳು ಪ್ಲಾಸ್ಟಿಕ್ ಹಾಳೆ ಬಿಡಿಸಿಕೊಂಡು ಜೆರುತೊಗಾಗಿ ಕಾಯುತ್ತಿದ್ದಳು. ಜೆರುತೊ ಅವಳನ್ನು ನೋಡಿದಳು, ಹಾಳೆಯನ್ನು ನೋಡಿದಳು, ದಾಟಿ ಹೋದಳು.

"ಅಕ್ಕ!" ಎಂದಳು ಹಿಂದಿನಿಂದ ವಿಯೋಲಾ, ಉಸಿರಿನ ನಡುವೆ. ಗಾಬರಿಯೋ ಖುಷಿಯೋ ತಿಳಿಯಲಿಲ್ಲ.

ಈ ನಗರದ ಮೂವತ್ತೊಂದರ ರಸ್ತೆಯನ್ನು ಜೆರುತೊ ಹಿಂದೆ ಕಂಡೇ ಇರಲಿಲ್ಲ. ಅಲ್ಲಿಯೂ ಮರಗಳಿದ್ದವು, ಅಲ್ಲಿಯೂ ಜನ ತಟ್ಟೆ ಬಡಿಯುತ್ತಿದ್ದರು. ಅವಳಿಗೆ ಮಗುವಿನ ಹಾಗೆ ಎಲ್ಲವನ್ನೂ ನೋಡಬೇಕೆನಿಸಿತು. ಮೂವತ್ಮೂರರಲ್ಲಿ ಇಪ್ಪತ್ತು ಹೆಜ್ಜೆ ಮುಂದಿದ್ದಳು. ಮೂವತ್ತೈದರಲ್ಲಿ ಹತ್ತು. ಮೂವತ್ತಾರು ದಾಟಿದ ಮೇಲೆ ತೊಡೆಯೊಳಗೆ ಯಾರೋ ಹಗ್ಗ ಹೊಸೆಯತೊಡಗಿದರು. ವಿಯೋಲಾ ಪಕ್ಕಕ್ಕೆ ಬಂದಳು. ಬಂದವಳು ಮುಂದೆ ಹೋಗದೆ ಪಕ್ಕದಲ್ಲೇ ಉಳಿದಳು.

"ಬಾ ಅಕ್ಕ, ಒಟ್ಟಿಗೆ ಹೋಗೋಣ."

"ಹೋಗೇ!" ಜೆರುತೊ ಕೈ ಬೀಸಿದಳು, ಹಿತ್ತಲಿಂದ ಕರು ಓಡಿಸುವ ಹಾಗೆ. "ಹಿಂದಿನೋರು ಬಂದ್ರು, ಹೋಗು!"

ಮೂವತ್ತೆಂಟರ ಫಲಕದ ಬುಡದಲ್ಲಿ ಅವಳ ಕಾಲುಗಳು ತಾವಾಗಿಯೇ ನಿಂತವು. ಅಲ್ಲಿ ಮೊಲಗಳಿಗಾಗಿ ಯಾರೂ ಹಾಳೆ ಹಿಡಿದು ನಿಂತಿರಲಿಲ್ಲ, ಯಾವ ವ್ಯಾನೂ ಇರಲಿಲ್ಲ. ರಸ್ತೆಬದಿಯ ಒಂದು ಸಂಸಾರದ ಹೆಂಗಸು ತನ್ನ ಮಗಳ ಕೋಟು ಬಿಚ್ಚಿಸಿ ಅವಳಿಗೆ ಹೊದಿಸಿದಳು. ಮೊಣಕೈವರೆಗೆ ಮಾತ್ರ ಬರುವ ಆ ಗುಲಾಬಿ ಕೋಟಿನೊಳಗೆ ಜೆರುತೊ ಕಲ್ಲಿನ ಮೇಲೆ ಕೂತು, ತನ್ನನ್ನು ದಾಟಿ ಹೋಗುವವರನ್ನೆಲ್ಲ ನೋಡಿದಳು. ಅಜ್ಜಂದಿರು ಹೋದರು. ಬಾಳೆಹಣ್ಣಿನ ವೇಷ ಹಾಕಿದವನೊಬ್ಬ ಹೋದ. ಎಲ್ಲರೂ ಆ ಗೆರೆಗೇ ಹೋಗುತ್ತಿದ್ದರು.

ಅವತ್ತು ಸಂಜೆ ಅವಳು ಚಹಾ ಅಂಗಡಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ನಾಳೆ ಎದುರಿಗೇ ಹೇಳಿದರಾಯಿತು ಅಂದುಕೊಂಡಳು. ನಿಜ ಏನೆಂದರೆ, ಆಚೆ ಕಡೆಯ ಆ ಉಸಿರನ್ನು ಇನ್ನೊಮ್ಮೆ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಆದರೆ ಊರು ಸುಮ್ಮನೆ ಕೂತಿರಲಿಲ್ಲ. ಪಾದ್ರಿ ಅವತ್ತು ಪ್ರಾರ್ಥನೆ ಚಿಕ್ಕದು ಮಾಡಿದ್ದರಿಂದ ಚರ್ಚಿಗೆ ಚರ್ಚೇ ಚಹಾ ಅಂಗಡಿಯ ಟೀವಿಯ ಮುಂದೆ ಬಂದು ಕೂತಿತ್ತು. ಮೂವತ್ತು ಬಂದಾಗ ಎಲ್ಲರೂ ನಿಟ್ಟುಸಿರಿಗೆ ಸಿದ್ಧರಾದರು. ಮೊಲ ನಿಲ್ಲಲಿಲ್ಲ! ಬೆಂಚುಗಳು ಉರುಳಿದವು. ಮೂವತ್ಮೂರರಲ್ಲಿ ಅಂಗಡಿಯ ಜನರೇಟರಿನ ಡೀಸೆಲ್ ಮುಗಿದು ಪರದೆ ಕಪ್ಪಾಯಿತು. ಓಟ ಗೊತ್ತಿಲ್ಲದ ಊರಾಗಿದ್ದರೆ ಮುಂದೇನಾಯಿತೆಂದು ವಿಚಾರಿಸುತ್ತಿತ್ತು. ಇದು ಮನೆಗೊಬ್ಬ ಓಟಗಾರನಿರುವ ಊರು. ಅವಳ ಹೆಗಲು ಅಲುಗುತ್ತಿರಲಿಲ್ಲ, ಬಾಯಿ ಮುಚ್ಚಿತ್ತು, ನಡುವೆ ಇಪ್ಪತ್ತು ಹೆಜ್ಜೆ ಇತ್ತು. ಇನ್ನು ಯಾರು ಹಿಡಿಯುತ್ತಾರೆ? ಕಣ್ಣಿದ್ದವರೆಲ್ಲ ಲೆಕ್ಕ ಹಾಕಿ ಗೆಲುವನ್ನು ಅಲ್ಲೇ ಬರೆದುಬಿಟ್ಟರು. ಸಂಜೆ ರೇಡಿಯೊವನ್ನೂ ಹಾಕಲಿಲ್ಲ. ಗೊತ್ತಿರುವ ಸುದ್ದಿಗೆ ಬ್ಯಾಟರಿ ಯಾಕೆ ಸುಡಬೇಕು?

ಸೋಮವಾರ ಮಧ್ಯಾಹ್ನ ಎಲ್ಡೊರೆಟ್‌ನ ಸಣ್ಣ ವಿಮಾನ ನಿಲ್ದಾಣದಲ್ಲಿ ಜೆರುತೊ ಚೀಲ ಹೊತ್ತು ಗಾಜಿನ ಬಾಗಿಲ ಹತ್ತಿರ ಬಂದಾಗ ಹಾಡು ಕೇಳಿಸಿತು. ಗೆದ್ದವರಿಗೆ ಹಾಡುವ ಹಾಡು. ಗಾಜಿನಾಚೆ ತನ್ನೂರಿನ ನಲವತ್ತು ಜನ. ಹೆಂಗಸರು ಭುಜ ಕುಣಿಸುತ್ತ, ಕೈಯಲ್ಲಿ ಗೆಲುವಿನ ಹಸಿರು ಸಿನೆಂದೆತ್ ಬಳ್ಳಿ ಹಿಡಿದು ನಿಂತಿದ್ದರು. ಎಲ್ಲರ ಮುಂದೆ, ಚರ್ಚಿನ ಲಂಗ ತೊಟ್ಟು, ಬುರುಡೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದ ಅವ್ವ.

ಜೆರುತೊಳ ಕಾಲು ಮತ್ತೊಮ್ಮೆ ತಾನಾಗಿ ನಿಂತಿತು.

ಹಿಂದಿದ್ದ, ನಿನ್ನೆಯ ಓಟ ಗೆದ್ದ ವಿಯೋಲಾ ಅವಳ ಹೆಗಲ ಮೇಲಿಂದ ಇಣುಕಿದಳು. ಅವಳ ಕಡೆಯವರು ದೂರದವರು, ನಾಳೆ ಶಿಬಿರಕ್ಕೆ ಬರುವವರಿದ್ದರು. "ನಿನ್ನೋರಲ್ವಾ ಅಕ್ಕ? ಯಾಕೆ ಬಳ್ಳಿ..." ಎಂದವಳು ಅರ್ಥವಾಗಿ ದನಿ ಇಳಿಸಿದಳು. "ನೀನು ಹೇಳಿಲ್ವಾ?"

"ಇಲ್ಲ."

ವಿಯೋಲಾ ಹಿಂದಿನ ಶೌಚಾಲಯದ ಬಾಗಿಲ ಕಡೆ ನೋಡಿದಳು. "ಹಾಗಿದ್ರೆ ನಾನು ಶೌಚಾಲಯದಲ್ಲಿ ಕೂತಿರ್ತೀನಿ. ನೀನು ಹೋಗಿ ಕುಡಿದು, ಹಾಡಿಸ್ಕೊಂಡು, ಗಾಡಿ ಹತ್ತಿಬಿಡು. ನಾನು ಆಮೇಲೆ ಬರ್ತೀನಿ. ಯಾರಿಗೂ ಹೇಳಲ್ಲ ಅಕ್ಕ, ನನ್ನಾಣೆ. ನಾಳೆ ನಮ್ಮವ್ವ ನಂಗೆ ಕೊಟ್ಟೇ ಕೊಡ್ತಾಳೆ."

ಜೆರುತೊ ಬೇಡ ಎನ್ನಲಿಲ್ಲ. ವಿಯೋಲಾ ತಿರುಗಿ ಹೋದಳು. ಗಾಜಿನ ಬಾಗಿಲು ತೆರೆಯಿತು.

ಹೆಂಗಸರು ನಾಲಗೆ ಕುಣಿಸಿ ಕೂಗಿದರು. ಬಳ್ಳಿ ಕೊರಳಿಗೆ ಬಿತ್ತು, ಹಸಿ ಎಲೆಯ ವಾಸನೆ. ಅರಾಪ್ ಲೆಲೆಯ್ ಸೂಟು ಹಾಕಿಕೊಂಡು ಭಾಷಣದ ಚೀಟಿ ಹಿಡಿದಿದ್ದ. ಅವ್ವ ಮುಚ್ಚಳ ತೆಗೆದಳು, ಬುರುಡೆಯನ್ನು ಮಗಳ ತುಟಿಗೆ ಇಟ್ಟಳು.

ಹೊಗೆಯ ವಾಸನೆ ಬಂತು, ಹುಳಿಯ ವಾಸನೆ ಬಂತು. ಅದರ ಹಿಂದಿನಿಂದ ಮತ್ತೇನೋ, ಹಳೆಯ ಚರ್ಮದ್ದು, ತಾನು ಹುಟ್ಟುವ ಮುಂಚಿನ ಮನೆಯದು. ಹನ್ನೆರಡು ವರ್ಷ ಕಾದ ಬಾಯಿ. ಸುಮ್ಮನೆ ತೆರೆದರೆ ಸಾಕಿತ್ತು. ಅವ್ವ ಬುರುಡೆ ವಾಲಿಸಿದಳು. ಜೆರುತೊ ತುಟಿ ಬಿಗಿದಳು. ಹಾಲು ಗಲ್ಲದ ಮೇಲೆ ಹರಿದು ಬಳ್ಳಿಯ ಎಲೆಗಳ ಮೇಲೆ ಸುರಿಯಿತು.

"ಅಳ್ತಿದ್ದಾಳೆ, ಪಾಪ, ಖುಷಿಗೆ!" ಎಂದರು ಯಾರೋ.

"ಅವ್ವ," ಎಂದಳು ಜೆರುತೊ, ಅವ್ವನ ಕಿವಿಯ ಹತ್ತಿರ. "ಮೂವತ್ತೆಂಟರಲ್ಲಿ ನಿಂತುಬಿಟ್ಟೆ."

ತಬುತಾನಿ ಬುರುಡೆ ಇಳಿಸಲಿಲ್ಲ. ಅವಳ ಮುಖದ ಒಂದು ಗೆರೆಯೂ ಕದಲಲಿಲ್ಲ. "ಮೆಲ್ಲಗೆ ಮಾತಾಡು," ಎಂದಳು. "ಕುಡಿ."

"ಮಾತು ಕೊಟ್ಟಿದ್ನಲ್ಲ ಅವ್ವ."

"ಕೊಟ್ಟಿದ್ದು ಯಾರಿಗೆ? ನಂಗೆ ತಾನೆ? ಬಿಟ್ಟುಕೊಟ್ಟೆ ಹೋಗು. ಕುಡೀ ಅಂದ್ರೆ. ಊರೆಲ್ಲ ನೋಡ್ತಾ ಇದೆ."

ಬುರುಡೆಯ ಅಂಚು ತುಟಿಗೆ ತಾಗಿಕೊಂಡೇ ಇತ್ತು. ಜೆರುತೊಗೆ ಮೂವತ್ತನೆಯ ಕಿಲೋಮೀಟರಿನ ಆ ಪ್ಲಾಸ್ಟಿಕ್ ಹಾಳೆ ನೆನಪಾಯಿತು. ಬಿಡಿಸಿ ಹಿಡಿದು, ಸಾಕು ಬಾ, ಇಲ್ಲಿಗೇ ಮುಗೀತು ಎನ್ನುವ ಹಾಳೆ. ಹಿಡಿದವರೆಲ್ಲ ಒಳ್ಳೆಯವರೇ.

"ಗೆದ್ದೋಳು ಒಳಗಿದ್ದಾಳೆ ಅವ್ವ."

"ಒಳಗೆ ಅಂದ್ರೆ?"

"ಶೌಚಾಲಯದಲ್ಲಿ. ನಂಗೋಸ್ಕರ ಬಚ್ಚಿಟ್ಕೊಂಡಿದ್ದಾಳೆ."

ತಬುತಾನಿ ಬುರುಡೆಯನ್ನು ಈಗ ಇಳಿಸಿದಳು. ಮಗಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಬೆಣ್ಣೆ ತೇಲಿದ ಹಾಲನ್ನು ಕೇಂದ್ರದವನು ನೋಡುವ ಹಾಗೆ. "ನಿನ್ನ ಹೊಟ್ಟೆ ಉರೀಲಿ," ಎಂದಳು. "ಮುಚ್ಚಳ ತೆಗೆದ ಬುರುಡೇನ ತುಂಬಿದ ಹಾಗೇ ಎತ್ಕೊಂಡು ಮನೆಗೆ ಹೋಗೋ ಹಾಗಿಲ್ಲ ನಾನು." ಬಳ್ಳಿಯನ್ನು ಮಗಳ ಕೊರಳಿನಿಂದ ಎಳೆದು ತೆಗೆದುಕೊಂಡು ಒಳಗೆ ನಡೆದಳು. ನಲವತ್ತು ಜನ ಏನಾಯಿತೆಂದು ತಿಳಿಯದೆ ಹಾಡುತ್ತಲೇ ಹಿಂದೆ ಹೋದರು. ಕಾವಲಿನವನು ತಡೆಯಲು ಕೈ ಎತ್ತಿ, ಹಾಗೇ ಇಳಿಸಿದ.

ಶೌಚಾಲಯದ ಬಾಗಿಲಲ್ಲಿ ತಬುತಾನಿಯ ದನಿ ಕೇಳಿಸಿತು. "ಯಾರ ಮಗಳೇ ನೀನು? ಹೊರಗೆ ಬಾ. ಗೆದ್ದೋರು ಕೂರೋ ಜಾಗಾನಾ ಇದು?"

ವಿಯೋಲಾ ಕೈ ಒರೆಸಿಕೊಳ್ಳುತ್ತ ಬಂದಳು. ಜೆರುತೊ ಕಡೆ ನೋಡಿದಳು. ಜೆರುತೊ ತಲೆ ಆಡಿಸಿದಳು. ಬಳ್ಳಿ ಹುಡುಗಿಯ ಕೊರಳಿಗೆ ಬಿತ್ತು, ಬುರುಡೆ ಬಾಯಿಗೆ ಬಂತು. ಒಂದು ಗುಟುಕು ಕುಡಿದು ಬಿಡುವುದು ರೂಢಿ. ವಿಯೋಲಾ ನಿನ್ನೆಯಿಂದ ಸರಿಯಾಗಿ ಏನೂ ತಿಂದಿರಲಿಲ್ಲ. ಕಣ್ಣು ಮುಚ್ಚಿ ಗಟಗಟ ಕುಡಿದೇ ಕುಡಿದಳು. ಮೊದಲು ಮಕ್ಕಳು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅರಾಪ್ ಲೆಲೆಯ್ ಚೀಟಿಯನ್ನು ವ್ಯರ್ಥ ಮಾಡಲಿಲ್ಲ. "ನಮ್ಮ ಮಣ್ಣಿನ ಮಗಳು ಜೆರು... ವಿಯೋಲಾ, ತನ್ನ ತಾಯಿ ತಬುತಾ... ತನ್ನ ಪೂಜ್ಯ ತಾಯಿಯ ಹಾಲು ಕುಡಿದು..." ಎಂದು ಕೊನೆಯವರೆಗೂ ಓದಿದ.

ಜೆರುತೊ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಹುಡುಗಿಯ ಗಂಟಲು ಏರಿಳಿಯುವುದನ್ನು ಎಣಿಸುತ್ತಿದ್ದಳು. ಎಣಿಸುವುದು ಅವಳ ಕೆಲಸವಾಗಿತ್ತಲ್ಲ.

ಹಿಂತಿರುಗುವಾಗ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮೂವರು: ಅರಾಪ್ ಲೆಲೆಯ್, ನಡುವೆ ಅವ್ವ, ಕಿಟಕಿಯ ಕಡೆ ಜೆರುತೊ. ಹಿಂದೆ ಜನ ತುಂಬಿದ್ದರು, ಆದರೆ ಹಾಡು ನಿಂತಿತ್ತು. ಗಾಡಿ ಇಟೆನ್ ಏರು ಹತ್ತತೊಡಗಿತು.

"ನಂಗೊತ್ತಿತ್ತು," ಎಂದ ಅರಾಪ್ ಲೆಲೆಯ್, ರಸ್ತೆಯಿಂದ ಕಣ್ಣು ತೆಗೆಯದೆ. "ರಾತ್ರಿ ರೇಡಿಯೊ ಹಾಕಿದ್ದೆ ನಾನು."

"ಗೊತ್ತಿದ್ದೂ ಸೂಟು ಹಾಕ್ಕೊಂಡು ಬಂದ್ಯಾ, ಮುದುಕಾ?"

"ಹೇಳೋಣ ಅಂತ ನಿನ್ನ ಅಂಗಳದವರೆಗೂ ಬಂದೆ. ನೀನು ಬುರುಡೆ ಉಜ್ತಾ ಹಾಡ್ತಿದ್ದೆ. ಮೂವತ್ತು ವರ್ಷದಿಂದ ನೆರೆಮನೆಯಲ್ಲಿದ್ದೀನಿ, ನೀನು ಹಾಡಿದ್ದು ನಾನು ಕೇಳಿರ್ಲಿಲ್ಲ. ವಾಪಸ್ ಹೋದೆ."

ತಬುತಾನಿ ಮೂಗಿನಲ್ಲಿ ಒಂದು ಸದ್ದು ಮಾಡಿದಳು. ಆಮೇಲೆ ಮಗಳ ಕಡೆ ತಿರುಗದೆಯೇ ಕೇಳಿದಳು. "ಮೂವತ್ತೆಂಟರ ಆಚೆ ಎಷ್ಟು ಉಳಿದಿತ್ತು?"

"ನಾಲ್ಕು."

"ನಾಲ್ಕು ಅಂದ್ರೆ?"

"ನಮ್ಮನೆಯಿಂದ ಚರ್ಚಿನ ತಿರುವಿನವರೆಗೆ."

"ಅಷ್ಟೇನಾ."

"ಅಷ್ಟೇ ಅವ್ವ."

ಅಷ್ಟು ದೂರವನ್ನು ಅವ್ವ ಮನಸ್ಸಿನಲ್ಲೇ ನಡೆದು ನೋಡುತ್ತಿರುವಂತೆ ಕಂಡಿತು. ಆಮೇಲೆ ಬುರುಡೆಯನ್ನು ಮುಚ್ಚಳದ ಮೇಲೆ ಬೋರಲು ಹಾಕಿ ಬುಡ ತಟ್ಟಿದಳು. ಮಸಿ ಬೆರೆತ ನೀಲಿ ಹಾಲು ಒಂದು ಗುಟುಕಿನಷ್ಟು ಮುಚ್ಚಳಕ್ಕೆ ಇಳಿದು ಬಂತು. ಅದನ್ನು ಮಗಳ ಮುಂದೆ ಹಿಡಿದಳು. ಗಾಡಿ ಕುಣಿಯುತ್ತಿತ್ತು, ಹಾಲು ಮಾತ್ರ ಚೆಲ್ಲಲಿಲ್ಲ.

"ಇಲ್ಲಿ ಯಾರೂ ನೋಡ್ತಿಲ್ಲ," ಎಂದಳು. "ಮುದುಕ ಒಬ್ಬ. ಅವನಿಗೆ ಕಣ್ಣು ಕಾಣಲ್ಲ."

"ಕಾಣಲ್ಲ," ಎಂದ ಅರಾಪ್ ಲೆಲೆಯ್.

ಜೆರುತೊ ಆ ಗುಟುಕನ್ನು ನೋಡಿದಳು. ಕಣಿವೆಯ ಕಡೆ ತಿರುವು ಬರುವವರೆಗೂ ನೋಡಿದಳು. ಗಲ್ಲದ ಮೇಲೆ ಒಣಗಿದ ಹಾಲು ಚರ್ಮವನ್ನು ಬಿಗಿಹಿಡಿದಿತ್ತು. ನಾಲಗೆ ಚಾಚಿದರೆ ಸಿಗುವಷ್ಟು ಹತ್ತಿರ. ಚಾಚಲಿಲ್ಲ. ಅವ್ವನ ಮಣಿಕಟ್ಟು ಹಿಡಿದು, ಮೆಲ್ಲಗೆ ಮುಚ್ಚಳವನ್ನು ಅವ್ವನ ಬಾಯಿಯ ಕಡೆಗೇ ತಿರುಗಿಸಿದಳು.

ತಬುತಾನಿ ಕುಡಿದಳು. ಕುಡಿದು, ಮುಚ್ಚಳವನ್ನು ಲಂಗದ ಅಂಚಿನಿಂದ ಒರೆಸಿ ಬುರುಡೆಗೆ ಹಾಕಿದಳು.

ಜೆರುತೊ ಅಂಗಿಯ ತೋಳಿನಿಂದ ಗಲ್ಲ ಒರೆಸಿಕೊಂಡಳು. ಮುಂದಿನ ವರ್ಷ ಅವಳನ್ನು ಯಾರೂ ಓಡಲು ಕರೆಯಲಿಲ್ಲ. ಆ ಬುರುಡೆಯ ಹಾಲು ಅವಳು ಕುಡಿಯಲಿಲ್ಲ. ಕೊಟ್ಟ ಮಾತು ಉಳಿಯಿತು.